ಐಸ್ ಮೇಲೆ ಮೂರು ಮುದುಕಿಯರ ಜೆಟ್

ನಮ್ಮ ಮೂವರಿಗೂ ವರ್ಷಕ್ಕೊಂದು ಸಲ ಸೇರುವ ಚಟ. ಮೈಸೂರಿನ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಒಂದೇ ಸಾಲಿನ ಮಂಚಗಳಲ್ಲಿ ಮಲಗುತ್ತಿದ್ದವರು ಮದುವೆ, ಮಕ್ಕಳು, ವೀಸಾ ಅಂತ ಎಲ್ಲೆಲ್ಲೋ ತೇಲಿ ಕಡೆಗೆ ಒಂದೇ ದೇಶಕ್ಕೆ ಬಂದು ಬಿದ್ದೆವು. ಬಿದ್ದದ್ದು ಮಾತ್ರ ಆ ದೇಶದ ಬೇರೆ ಬೇರೆ ಮೂಲೆಗೆ. ಒಬ್ಬಳು ಪರ್ತ್, ಒಬ್ಬಳು ಅಡಿಲೇಡ್, ನಾನು ಬ್ರಿಸ್ಬೇನ್. ಊರಿಂದ ಫೋನ್ ಮಾಡುವ ನಾದಿನಿ, "ಒಂದೇ ದೇಶದಲ್ಲಿದ್ದೀರಲ್ಲ, ಬೇಜಾರಾದಾಗ ಹೋಗಿ ಬರಬಹುದಲ್ಲ" ಅನ್ನುತ್ತಾಳೆ. ನಾನು ಪರ್ತ್‌ಗೆ ಹೋಗಿ ಇಳಿಯುವಷ್ಟರಲ್ಲಿ ಸಿಂಗಾಪುರದ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿರುತ್ತದೆ ಅಂತ ಅವಳಿಗೆ ಯಾರು ಹೇಳಬೇಕು.

ಅವರ ಹೆಸರು ಇಲ್ಲಿ ಬರೆದರೆ ಅವರ ಮಕ್ಕಳು ನನ್ನ ಮೇಲೆ ರೇಗುತ್ತಾರೆ. ಊರಿನ ಹೆಸರಿಂದಲೇ ಕರೆಯುತ್ತೇನೆ. ನಾವು ಹಾಗೇ ಕರೆದುಕೊಳ್ಳೋದೂ ಉಂಟು.

ಪರ್ತ್‌ಗೆ ಹೋದರೆ ಸಮುದ್ರದ ದಂಡೆಯಲ್ಲಿ ಕೂತು ಮೀನು-ಚಿಪ್ಸ್. ನನ್ನ ಹತ್ತಿರ ಬಂದರೆ ಸೇಂಟ್ ಲೂಸಿಯಾದಲ್ಲಿ ಫೆರ್ರಿ ಹತ್ತಿ, ಎಲ್ಲೂ ಇಳಿಯದೆ, ಅದೇ ಫೆರ್ರಿಯಲ್ಲಿ ವಾಪಸ್. ಆಮೇಲೆ ನಾರ್ತ್ ಲೇಕ್ಸ್‌ನ ಮಾಲ್‌ನಲ್ಲಿ ಏಸಿ ಇದೆ ಅನ್ನೋ ಒಂದೇ ಕಾರಣಕ್ಕೆ ವಾಕಿಂಗ್. ಅಡಿಲೇಡ್‌ನಲ್ಲಿ ಮಾತ್ರ ಪ್ರತಿ ಸಲವೂ ಏನಾದರೊಂದು ಫಜೀತಿ. ಯಾಕೆಂದರೆ ಅಲ್ಲಿರುವವಳು ಸುಮ್ಮನೆ ಕೂರುವ ಜಾತಿಯಲ್ಲ. ಮಂಗಳೂರಿನ ಕ್ಯಾಥೊಲಿಕ್ ಹುಡುಗಿ, ನರ್ಸ್ ಆಗಿ ಕುವೈತಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು ರಿಟೈರ್ ಆದವಳು. ಕಿಲ್ಬರ್ನ್‌ನ ಅವಳ ಮನೆ ಹಿಂದೆ ಒಂದು ಶೆಡ್ ಇದೆ. ಗಂಡ ಫಿಟ್ಟರ್ ಆಗಿದ್ದವರು. ಅವರು ಹೋದ ಮೇಲೆ ಟೂಲ್ಸ್ ಎಲ್ಲ ಯಾರಿಗಾದರೂ ಕೊಟ್ಟುಬಿಡು ಅಂತ ಮಗಳು ಹೇಳಿದಳಂತೆ. ಇವಳು ಕೊಡಲಿಲ್ಲ, ಕಲಿತಳು. ಈಗ ವೆಲ್ಡಿಂಗ್ ಕೂಡ ಮಾಡುತ್ತಾಳೆ. ಭಾನುವಾರ ಚರ್ಚಿನಲ್ಲಿ ಮಾಸ್ ಮುಗಿಸಿ ಬಂದು, ಒಳ್ಳೇ ಫ್ರಾಕ್ ಮೇಲೇ ಏಪ್ರನ್ ಕಟ್ಟಿಕೊಂಡು ವೆಲ್ಡಿಂಗ್.

ಕಳೆದ ಚಳಿಗಾಲದಲ್ಲಿ ಅವಳಿಂದ ಫೋನ್ ಬಂತು. ಅಲ್ಲೊಂದು ಐಸ್ ರಿಂಕ್‌ನಲ್ಲಿ, ಅಂದರೆ ಐಸ್ ಮೇಲೆ ಜಾರಾಡುವ ಅಂಗಳದಲ್ಲಿ, ಆಸ್ಪತ್ರೆಗೆ ಫಂಡ್ ಎತ್ತಲು ಸ್ಲೆಡ್ ರೇಸ್, ಜಾರುಬಂಡಿ ಓಟ ಇಟ್ಟಿದ್ದಾರಂತೆ. ಸ್ಲೆಡ್ ಮನೆಯಲ್ಲೇ ಮಾಡಿದ್ದಾಗಿರಬೇಕು. ತಳ್ಳುವ ಹಾಗಿಲ್ಲ, ತಾನಾಗಿ ಹೋಗಬೇಕು. ಪೆಟ್ರೋಲ್ ಇಲ್ಲ, ಬೆಂಕಿ ಇಲ್ಲ, ಹೆಲ್ಮೆಟ್ ಕಡ್ಡಾಯ, ಒಂದು ಸ್ಲೆಡ್ಡಿಗೆ ಒಬ್ಬರೇ. "ನಾನು ಜೆಟ್ ಮಾಡಿದ್ದೇನೆ ಮಾರಾಯ್ತಿ. ನೀನು ಸಪೂರ ಉಂಟಲ್ಲ, ನೀನೇ ಡ್ರೈವರ್" ಅಂದಳು.

ಜೆಟ್ ಅಂದರೇನು ಅಂತ ಕಿಲ್ಬರ್ನ್‌ಗೆ ಹೋದ ಮೇಲೆ ನೋಡಿದೆ. ಗುಜರಿಯಿಂದ ತಂದ ಎರಡು ಉಕ್ಕಿನ ಪಟ್ಟಿ, ಮುಂದಿನ ತುದಿ ಮೇಲಕ್ಕೆ ಬಗ್ಗಿಸಿದ್ದು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿ. ಮುಂದೆ ಸೈಕಲ್ ಹ್ಯಾಂಡಲ್, ಅದನ್ನು ತಿರುಗಿಸಿದರೆ ಕೆಳಗಿನ ಇನ್ನೊಂದು ಚಿಕ್ಕ ಪಟ್ಟಿ ತಿರುಗುತ್ತದೆ. ಹಿಂದೆ ಎರಡು ಲೀಫ್ ಬ್ಲೋವರ್. ಅದೇ, ಇಲ್ಲಿ ಶನಿವಾರ ಬೆಳಿಗ್ಗೆ ಬೀದಿಯ ಗಂಡಸರೆಲ್ಲ ಹಿಡಿದುಕೊಂಡು, ತಮ್ಮ ಅಂಗಳದ ಎಲೆಗಳನ್ನು ಪಕ್ಕದವರ ಅಂಗಳಕ್ಕೆ ಊದುವ ಬ್ಯಾಟರಿ ಯಂತ್ರ. ಹ್ಯಾಂಡಲ್ಲಿನ ಬ್ರೇಕ್ ವೈರನ್ನು ಬ್ಲೋವರ್‌ಗಳ ಟ್ರಿಗ್ಗರ್‌ಗೆ ಎಳೆದಿದ್ದಳು. ಬ್ರೇಕ್ ಒತ್ತಿದರೆ ಗಾಡಿ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪ್ರಪಂಚದಲ್ಲಿ ಎಲ್ಲೂ ಇಲ್ಲದ ವ್ಯವಸ್ಥೆ.

ಇದು ಜೆಟ್ ಹೇಗಾಗುತ್ತೆ ಅಂತ ಕೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ಫಿಸಿಕ್ಸ್ ಸಿಸ್ಟರ್ ಕ್ಲಾಸಿನಲ್ಲಿ ಬಲೂನು ಊದಿ ಕೈಬಿಟ್ಟು, ಅದು ಬುರ್ರನೆ ಹೋಗಿ ಏಸುವಿನ ಪಟಕ್ಕೆ ಬಡಿದದ್ದು ನೆನಪಿದೆಯಾ ಅಂತ ಕೇಳಿದಳು. ನೆನಪಿಲ್ಲದೆ ಏನು. "ದಟ್ಸ್ ಆಲ್ ದೇರ್ ಈಸ್ ಟು ಇಟ್, ಗರ್ಲ್ಸ್" ಅಂದಿದ್ದರು ಸಿಸ್ಟರ್, ಪಟ ಸರಿಮಾಡುತ್ತಾ. ಹಿಂದಕ್ಕೆ ಗಾಳಿ ಉಗುಳಿ ಮುಂದಕ್ಕೆ ಹೋಗುವುದೆಲ್ಲ ಜೆಟ್ಟೇ ಅಂತ ಅಡಿಲೇಡ್ ತೀರ್ಪು ಕೊಟ್ಟಳು.

ಟ್ರಯಲ್ ಅಂತ ಅಂಗಳದಲ್ಲಿ ಪ್ಲಾಸ್ಟಿಕ್ ಹಾಸಿ, ಪಾತ್ರೆ ತೊಳೆಯುವ ಸೋಪು ಸುರಿದು, ನನ್ನನ್ನು ಕೂರಿಸಿದಳು. ಬ್ರೇಕ್ ಒತ್ತಿದೆ. ನಾನು ಒಂದು ಮಾರು ಮುಂದೆ ಹೋದೆ. ಹಿಂದೆ ಹಗ್ಗದ ಮೇಲಿದ್ದ ಅವಳ ನೈಟಿ, ದಿಂಬಿನ ಕವರ್ ಎಲ್ಲ ನನಗಿಂತ ದೂರ ಹೋದವು. ನನ್ನ ಎದೆ ಹೊಡೆದುಕೊಂಡ ರೀತಿ ನೋಡಿದರೆ ನಾನು ಒಂದು ಮಾರಲ್ಲ, ಒಂದು ಮೈಲಿ ಹೋಗಿದ್ದೆ. ಬ್ರಿಸ್ಬೇನ್‌ನಲ್ಲಿರುವ ಮೊಮ್ಮಗಳಿಗೆ ಫೋಟೋ ಕಳಿಸಿದೆ. "ಅಜ್ಜಿ, ಆರ್ ಯೂ ಓಕೆ?" ಅಂತ ಉತ್ತರ ಬಂತು.

ರೇಸಿನ ಹಿಂದಿನ ದಿನ ಆರ್ವೋ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಪರ್ತ್ ಬಂದಳು.

ಅವಳ ಬಗ್ಗೆ ಸ್ವಲ್ಪ ಹೇಳಬೇಕು. ಬೆಂಗಳೂರಿನವಳು. ಗಂಡ ಎಂಜಿನಿಯರ್, ಇವಳ ಬಿ.ಎ. ಡಿಗ್ರಿಯನ್ನು ಇಲ್ಲಿ ಯಾರೂ ಕೇಳಲಿಲ್ಲ. ಒಂದು ದಿನ ಹೋಗಿ ಬಸ್ ಓಡಿಸಲು ಕಲಿತು ಸ್ಕೂಲ್ ಬಸ್ ಡ್ರೈವರ್ ಆಗಿಬಿಟ್ಟಳು. ನಮ್ಮ ಕಡೆಯವರ ಮದುವೆ-ಮುಂಜಿಗಳಲ್ಲಿ ಅವಳ ಗಂಡ "ಶೀ ಈಸ್ ಇನ್ ಎಜುಕೇಶನ್" ಅನ್ನುತ್ತಿದ್ದರು. ಇವಳು ತಿದ್ದುತ್ತಿದ್ದಳು: "ಇಲ್ಲ, ನಾನು ಬಸ್ ಓಡಿಸ್ತೀನಿ." ಎಷ್ಟೋ ವರ್ಷ ಓಡಿಸಿದಳು. ನಾವು ಅವಳ ಊರಿಗೆ ಹೋದಾಗ ಏರ್‌ಪೋರ್ಟಿಗೆ ಬಂದು, ನಮ್ಮ ಸೂಟ್‌ಕೇಸ್ ಎತ್ತಿ ಹಾಕಿ, ಕನ್ನಡಿ ಸರಿಮಾಡಿಕೊಂಡು, "ಬೆಲ್ಟ್" ಅಂತ ಒಂದೇ ಮಾತು ಹೇಳುವಾಗ ಅವಳ ಮುಖ ನೋಡಬೇಕು. ಹೆಡ್‌ಗರ್ಲ್ ಆಗಿದ್ದಾಗಲೂ ಆ ಕಳೆ ಇರಲಿಲ್ಲ.

ಈ ಸಲ ಅವಳ ಕಣ್ಣು ಕೆಟ್ಟಿತ್ತು. ನೋಟದ ನಟ್ಟನಡುವೆ ಒಂದು ಮಸುಕು, ಸುತ್ತ ಎಲ್ಲ ಸರಿ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿ ಕಡೆ ತಿರುಗುತ್ತಿದ್ದಳು. ಲೈಸೆನ್ಸ್ ವಾಪಸ್ ತಗೊಂಡಿದ್ದರು. ಡಾಕ್ಟರು ಇದು ಹೆಚ್ಚುತ್ತಲೇ ಹೋಗುತ್ತೆ ಅಂದಿದ್ದರು. ಅದನ್ನೆಲ್ಲ ಹವಾಮಾನ ಹೇಳಿದ ಹಾಗೆ ಹೇಳಿಬಿಟ್ಟಳು. ಆದರೆ ಏರ್‌ಪೋರ್ಟಿಂದ ಬರುವಾಗ ಸರ್ವೋದಲ್ಲಿ, ಅದೇ ಪೆಟ್ರೋಲ್ ಬಂಕಿನಲ್ಲಿ, ಚಾರ್ಜರ್ ಕೊಳ್ಳಲು ನಿಲ್ಲಿಸಿದ್ದೆವು. ಅಂಗಡಿಯಿಂದ ಹೊರಗೆ ಬಂದವಳು ನೆಟ್ಟಗೆ ಹೋಗಿ ಡ್ರೈವರ್ ಬಾಗಿಲಿಗೆ ಕೈ ಹಾಕಿದಳು. ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಕಾರನ್ನು ಸುತ್ತಿಕೊಂಡು ಈ ಕಡೆ ಬಂದಳು. ನಾವಿಬ್ಬರೂ ಫೋನ್ ನೋಡುವವರ ಹಾಗೆ ನಟಿಸಿದೆವು.

ಶೆಡ್‌ನಲ್ಲಿ ಸ್ಲೆಡ್ ತೋರಿಸಿದಾಗ ಅವಳು ಕಣ್ಣಿಗಿಂತ ಕೈಯಿಂದಲೇ ಹೆಚ್ಚು ನೋಡಿದಳು. ಹ್ಯಾಂಡಲ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದಳು. ಹ್ಯಾಂಡಲ್ ಸ್ವಲ್ಪ ಲೂಸ್ ಇದೆ, ಬಿಗಿ ಮಾಡು ಅಂದಳು. ಟೀ ಕುಡಿಯುವಾಗ, ನಾಳೆ ತಾನು ಓಡಿಸುತ್ತೇನೆ ಅಂದಳು.

ಅಡಿಲೇಡ್ ಕಪ್ ಕೆಳಗಿಟ್ಟಳು. "ಎಂತ ಹೇಳುದು ನೀನು? ಕಣ್ಣು ಕಾಣುದಿಲ್ಲ ಅಂತ ಈಗಷ್ಟೇ ಹೇಳಿದ್ದು."

"ಮಧ್ಯ ಕಾಣಲ್ಲ. ಅಂಚು ಕಾಣತ್ತೆ. ರಸ್ತೆ ಮಧ್ಯೆ ಮಕ್ಕಳಿರ್ತಾರೆ, ನಾಯಿ ಇರತ್ತೆ, ಅದಕ್ಕೇ ಲೈಸೆನ್ಸ್ ಕಿತ್ಕೊಂಡ್ರು, ಸರಿ, ಒಪ್ಕೊಂಡೆ. ಐಸ್ ಮಧ್ಯೆ ಏನಿರತ್ತೆ? ಐಸು. ಅದನ್ನೇನು ನೋಡೋದು? ಎರಡು ಕಡೆ ಗೋಡೆ ಕಂಡ್ರೆ ಸಾಕು. ಈ ದೇಶದಲ್ಲಿ ನನ್ನ ಕಣ್ಣಿಗೆ ಸರಿಹೋಗೋ ರೋಡು ಅದೊಂದೇ ಕಣೇ."

ಡ್ರೈವರ್ ಸೀಟು ಬಿಟ್ಟುಕೊಡೋಕೆ ನಾನು ರೆಡಿ ಅಂದೆ. ನಿನ್ನದು ತ್ಯಾಗ ಅಲ್ಲ, ಪುಕ್ಕಲು ಅಂತ ಅಡಿಲೇಡ್ ನನಗೆ ಅಂದದ್ದು ನಿಜವೇ. ಬಿದ್ದು ಸೊಂಟ ಮುರಿದರೆ ಇವಳ ಮಗನಿಗೆ ಯಾರು ಜವಾಬು ಕೊಡುವುದು ಅಂತ ಅವಳು ಗೊಣಗುತ್ತಲೇ ಇದ್ದಳು. ನಾವು ಐಸ್ ಶೋ ನೋಡೋಕೆ ಹೋಗುತ್ತೇವೆ ಅಂತ ಪರ್ತ್ ಆಗಲೇ ಮಗನಿಗೆ ಹೇಳಿಯಾಗಿತ್ತು. ಮುಂದಿನ ವರ್ಷ ಓಡಿಸುವೆಯಂತೆ ಅಂದೆ ನಾನು, ಸಮಾಧಾನಕ್ಕೆ.

"ಮುಂದಿನ ವರ್ಷ ಅಂಚೂ ಇರುತ್ತೋ ಇಲ್ವೋ" ಅಂದಳು.

ಅಡಿಲೇಡ್ ಎದ್ದು ಶೆಡ್ಡಿಗೆ ಹೋದಳು. ಕೋಪ ಅಂದುಕೊಂಡೆ. ಕಿಟಕಿಯಿಂದ ನೋಡಿದರೆ ಸ್ಪ್ಯಾನರ್ ಹಿಡಿದು ಹ್ಯಾಂಡಲ್ ಬಿಗಿ ಮಾಡುತ್ತಿದ್ದಳು.

ಬೆಳಿಗ್ಗೆ ರಿಂಕ್‌ನಲ್ಲಿ ನಮ್ಮ ಸರದಿಗೆ ಮೂರು ಸ್ಲೆಡ್. ಒಂದು, ಯೂನಿವರ್ಸಿಟಿ ಹುಡುಗರದು; ಹಿಂದೆ ಅಷ್ಟಗಲದ ಫ್ಯಾನ್. ಇನ್ನೊಂದು, ಪ್ಲಂಬರ್ ಅಪ್ಪನೂ ಹೈಸ್ಕೂಲು ಮಗಳೂ ಸೇರಿ ಮಾಡಿದ್ದು. ಬೆಂಕಿ ಆರಿಸುವ ಸಿಲಿಂಡರ್‌ಗಳನ್ನು ಕಟ್ಟಿದ್ದರು. ಓಡಿಸುವವಳು ಮಗಳು. ಅವಳು ನಮ್ಮನ್ನು ನೋಡಿ, "ಲವ್ ಯೋರ್ ಜೆಟ್, ಲೇಡೀಸ್" ಅಂದಳು. ಅಡಿಲೇಡ್ ನನ್ನ ಕಡೆ ತಿರುಗಿ, ಕೇಳಿದೆಯಾ, ಜೆಟ್ ಅಂದಳು ಅನ್ನುವ ಹಾಗೆ ಹುಬ್ಬು ಹಾರಿಸಿದಳು.

ಹೊಸ ಗಾಡಿ ಪೂಜೆ ಮಾಡದೆ ಹೊರಡಿಸುವುದು ನನಗೆ ಆಗದ ಮಾತು. ಅಡಿಲೇಡ್ ಹಿತ್ತಲಲ್ಲಿ ನಿಂಬೆ ಗಿಡ ತುಂಬಾ ಕಾಯಿ. ಕಿತ್ತು ಬ್ಯಾಗಲ್ಲಿ ಹಾಕಿಕೊಂಡು ಹೋಗಿದ್ದೆ. ಬ್ಲೋವರ್‌ಗಳಿಗೆ ಕುಂಕುಮ ಇಟ್ಟೆ. ಐಸ್ ಮೇಲೆ ಬಣ್ಣ ಬೀಳೋ ಹಾಗಿಲ್ಲ ಅಂತ ರೇಸ್ ನೋಡಿಕೊಳ್ಳುತ್ತಿದ್ದ ಕಿತ್ತಳೆ ಕೋಟಿನ ಹುಡುಗಿ ಓಡಿ ಬಂದಳು. ಸರಿ ಅಂತ, ಪಟ್ಟಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಇದು ಬ್ರೇಕಾ ಅಂತ ಕೇಳಿದಳು. ಲಕ್ ಅಂದೆ. ಅಡಿಲೇಡ್ ತನ್ನ ಪರ್ಸಿಂದ ಚರ್ಚಿನ ತೀರ್ಥದ ಪುಟ್ಟ ಬಾಟಲಿ ತೆಗೆದು ಸ್ಲೆಡ್ ಮೇಲೆ ಚಿಮುಕಿಸಿದಳು. ಹೆಲ್ಮೆಟ್ ಹಾಕಿಕೊಂಡು ಕೂತಿದ್ದ ಪರ್ತ್, "ಎರಡೂ ಪಾರ್ಟಿದು ಆಯ್ತಲ್ಲ, ಹೊರಡ್ಲಾ?" ಅಂದಳು.

ಸೀಟಿ ಊದಿದರು. ಅವಳು ಬ್ರೇಕ್ ಒತ್ತಿದಳು.

ನಿಂಬೆಹಣ್ಣು ಡಾಂಬರಿನ ಮೇಲೆ ಟೈರಿನ ಕೆಳಗೆ ಪಚಕ್ಕನೆ ಒಡೆಯುವುದನ್ನು ನೋಡಿದ್ದೇ ಹೊರತು, ಐಸ್ ಮೇಲೆ ಉಕ್ಕಿನ ಪಟ್ಟಿಯ ಕೆಳಗೆ ಏನಾಗುತ್ತೆ ಅಂತ ನಾನೇನು ಕಂಡಿದ್ದೆ. ಬಲಗಡೆಯದು ಎರಡು ಹೋಳಾಗಿ ಬದಿಗೆ ಬಿತ್ತು. ಎಡಗಡೆಯದು ಜಜ್ಜಿ, ಸಿಪ್ಪೆ ಸಮೇತ ಪಟ್ಟಿಗೇ ಹೆಪ್ಪುಗಟ್ಟಿ ಅಂಟಿಕೊಂಡಿತು. ಸ್ಲೆಡ್ ಹೊರಟದ್ದೇ ಎಡಕ್ಕೆ, ಗೋಡೆಯ ಕಡೆಗೆ. ನಾನೇ ಕೂತಿದ್ದರೆ ಆ ಗೋಡೆಗೆ ನೆಟ್ಟಗೆ ಹೋಗಿ ಅಂಟುತ್ತಿದ್ದೆ.

ಪರ್ತ್‌ಗೆ ಗೋಡೆ ಕಂಡಿತು. ಅವಳಿಗೆ ಚೆನ್ನಾಗಿ ಕಾಣುತ್ತಿದ್ದದ್ದೇ ಅದು. ಗಾಬರಿಯಾಗಿ ಹ್ಯಾಂಡಲ್ ತಿರುಚಲಿಲ್ಲ. ಚೂರೇ ಚೂರು ಬಲಕ್ಕೆ ಹಿಡಿದು, ಎಳೆಯುವ ಗಾಡಿಯನ್ನು ಅದರ ಪಾಡಿಗೆ ಎಳೆಯಲು ಬಿಟ್ಟು, ಮತ್ತೆ ಚೂರು ಬಲಕ್ಕೆ. ಮಕ್ಕಳನ್ನು ತುಂಬಿಕೊಂಡ ಬಸ್ಸನ್ನು ಗಾಳಿಯಲ್ಲಿ ನೇರ ಇಟ್ಟುಕೊಳ್ಳುವ ಕೈ. ಸ್ಲೆಡ್ ಗೋಡೆಯ ಪಕ್ಕದಲ್ಲೇ, ಅದಕ್ಕೆ ತಾಗದೆ, ಮೆಲ್ಲಗೆ ಶುರುವಾಗಿ, ಆಮೇಲೆ ನನ್ನ ನಡಿಗೆಯ ವೇಗ, ಆಮೇಲೆ ಓಟದ ವೇಗ, ಆಮೇಲೆ ಸೈಕಲ್ ವೇಗ ಹಿಡಿಯಿತು. ನಾವಿಬ್ಬರೂ ಗೋಡೆಯ ಆಚೆ ಕಡೆ ರಬ್ಬರ್ ಮ್ಯಾಟ್ ಮೇಲೆ ಅವಳ ಜೊತೆ ಓಡಲು ಹೋಗಿ ಹಿಂದೆ ಬಿದ್ದೆವು.

ಯೂನಿವರ್ಸಿಟಿ ಹುಡುಗರ ಸ್ಲೆಡ್ ಹೊರಟಲ್ಲೇ ಬುಗುರಿ ಥರ ತಿರುಗುತ್ತಿತ್ತು. ಪ್ಲಂಬರನ ಮಗಳು ಬಿಳೀ ಹೊಗೆ ಬಿಟ್ಟುಕೊಂಡು ಎಂದೋ ಆ ತುದಿ ಸೇರಿ, ಗೆದ್ದು, ಹೆಲ್ಮೆಟ್ ತೆಗೆದು ನಿಂತಿದ್ದಳು. ನಾವು ಎರಡನೆಯವರು. ರೇಸ್ ಮುಗಿಯುವ ನೀಲಿ ಗೆರೆ ದಾಟಿದಳು ಅಂತ ಅಡಿಲೇಡ್ ನನ್ನ ಭುಜ ಹಿಡಿದು ಕುಲುಕಿದಳು.

ಗೆರೆ ದಾಟಿದ ಮೇಲೆ ಕೈ ಬಿಡಬೇಕು. ಬಿಟ್ಟರೆ ಬ್ಲೋವರ್ ನಿಲ್ಲುತ್ತದೆ, ತುದಿಯಲ್ಲಿ ಪೇರಿಸಿದ ಫೋಮ್ ಹಾಸಿಗೆಗಳಿಗೆ ಮೆತ್ತಗೆ ತಾಗಿ ಗಾಡಿಯೂ ನಿಲ್ಲುತ್ತದೆ. ಬ್ಲೋವರ್ ಸದ್ದು ನಿಲ್ಲಲಿಲ್ಲ. ಫೋಮ್ ಹತ್ತಿರ ಬಂತು, ಸ್ಲೆಡ್ ನಿಧಾನವಾಗಿ ಬಾಗಿ, ಹಾಸಿಗೆಗಳನ್ನು ಬಳಸಿಕೊಂಡು, ಆ ಕಡೆಯ ಗೋಡೆ ಹಿಡಿದು ವಾಪಸ್ ಹೊರಟಿತು. ಕಿತ್ತಳೆ ಕೋಟಿನ ಹುಡುಗಿ ಸೀಟಿ ಊದಿದಳು. ಪಾಪ, ಅವಳಿಗೆ ಗೆರೆ ಕಾಣಲೇ ಇಲ್ಲ ಅಂದೆ ನಾನು. "ಕೈ ಬಿಡು ಮಾರಾಯ್ತಿ" ಅಂತ ಅಡಿಲೇಡ್ ಕೂಗಿದ್ದು ಇಡೀ ರಿಂಕಿಗೆ ಕೇಳಿಸಿತು. ಪರ್ತ್ ನಮ್ಮ ಮುಂದೆಯೇ ಹಾದುಹೋದಳು, ಬೆನ್ನು ನೆಟ್ಟಗೆ, ಮುಖ ಸ್ವಲ್ಪ ವಾರೆ. ಹುಡುಗರು ತಮ್ಮ ಸ್ಲೆಡ್ ಎಳೆದುಕೊಂಡು ದಾರಿ ಬಿಟ್ಟರು. ಅವರಲ್ಲೊಬ್ಬ ಸೆಲ್ಯೂಟ್ ಹೊಡೆದ. ಸೀಟಿ ಊದುತ್ತಿದ್ದ ಹುಡುಗಿಯೂ ಸ್ವಲ್ಪ ಹೊತ್ತಿಗೆ ಸೀಟಿ ಬಾಯಿಂದ ತೆಗೆದು ಸುಮ್ಮನೆ ನೋಡತೊಡಗಿದಳು.

ಒಂದು ಸುತ್ತು ಮುಗಿದು ಇನ್ನೊಂದರ ಅರ್ಧಕ್ಕೆ ಬ್ಯಾಟರಿ ಸೋತಿತು. ಬ್ಲೋವರ್ ಸದ್ದು ಕೀರಲಾಗಿ, ಸಣ್ಣದಾಗಿ, ನಿಂತಿತು. ಸ್ಲೆಡ್ ತನ್ನಷ್ಟಕ್ಕೆ ಜಾರಿಕೊಂಡು ಹೋಗಿ ರಿಂಕಿನ ನಡುಮಧ್ಯೆ ನಿಂತಿತು.

ನಾವಿಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು, ಬಾತುಕೋಳಿಗಳ ಹಾಗೆ ಕಾಲೆಳೆಯುತ್ತಾ ಐಸ್ ಮೇಲೆ ಹೋದೆವು. ಅಡಿಲೇಡ್ ಮೊದಲು ಅವಳ ನಾಡಿ ಹಿಡಿದು ನೋಡಿದಳು. ಆಮೇಲೆ ಬೈದಳು. ನಾನು, ಹೋಗಲಿ ಬಿಡೇ, ಗೆರೆ ಕಾಣಿಸಲಿಲ್ಲ, ಅವಳೇನು ಮಾಡ್ತಾಳೆ ಅಂದೆ.

ಪರ್ತ್ ನನ್ನ ಕಿವಿ ಕಡೆ ನೋಡುತ್ತಾ, "ಕಾಣಿಸ್ತು ಕಣೇ. ದಾಟೋವಾಗ ಎರಡು ಪಕ್ಕದಲ್ಲೂ ಕಾಣಿಸ್ತು, ನೀಲಿ" ಅಂದಳು.

"ಮತ್ತೆ ಕೈ ಯಾಕೆ ಬಿಡ್ಲಿಲ್ಲ?"

"ಬಿಟ್ಟಿದ್ರೆ ಇಳೀಬೇಕಾಗಿತ್ತಲ್ಲ."

ಅವಳ ಕೈ ಇನ್ನೂ ಹ್ಯಾಂಡಲ್ ಮೇಲೇ ಇತ್ತು, ಬ್ರೇಕ್ ಒತ್ತಿಕೊಂಡೇ. ಅಡಿಲೇಡ್ ಮೂಗು ಒರೆಸಿಕೊಂಡು, ಚಳಿ ಅಂದಳು. ಮುಂದಿನ ಮೂವರು ಆಗಲೇ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದರು. ಯಾರೂ ನಮ್ಮನ್ನು ಅವಸರಪಡಿಸಲಿಲ್ಲ. ಇಳಿ ಅಂತ ನಾವೂ ಹೇಳಲಿಲ್ಲ. ನಾನು ಕುರ್ಚಿಯ ಬೆನ್ನು ಹಿಡಿದೆ, ಅಡಿಲೇಡ್ ಹಲಗೆ ಹಿಡಿದಳು, ಜಾರುವ ಕಾಲಲ್ಲಿ ಬಾಗಿಲ ಕಡೆಗೆ ತಳ್ಳತೊಡಗಿದೆವು.

"ಸ್ವಲ್ಪ ಬಲಕ್ಕೆ" ಅಂದೆ.

"ನಂಗೊತ್ತು" ಅಂದಳು, ಬಲಕ್ಕೆ ತಿರುಗಿಸುತ್ತಾ.