ಅತ್ತೆ ಸೋಲತೊಡಗಿದ ವಾರ

ಈಗ ಅದಕ್ಕೆ ಕ್ಯಾನ್ಸರ್ ಅನ್ನುತ್ತಾರೆ. ನನ್ನ ಎಡ ಎದೆಯಲ್ಲಿ ಅದು ಕಾಣಿಸಿಕೊಂಡ ಕಾಲಕ್ಕೆ ನಮ್ಮ ಕಡೆ ಅದು ಬರೀ ಕೆಟ್ಟ ಗಡ್ಡೆ. ಯಜಮಾನರು ರಾಮಗಿರಿಯಲ್ಲಿ ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದರು. ಅಲ್ಲಿಯ ದೊರೆಸಾನಿ ಡಾಕ್ಟರು ಮೊಲೆಯನ್ನೇ ತೆಗೆದುಹಾಕಿ, ಕಂಕುಳಲ್ಲಿ ಗಂಟು ಕಂಡರೆ ತಡಮಾಡದೆ ಬನ್ನಿ ಎಂದು ಹೇಳಿ ಕಳಿಸಿದರು. ಆ ಮಾತೊಂದು ಹೇಳದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ಮೇಲೆ ನನಗೆ ಅದೊಂದೇ ಕೆಲಸ. ಒಲೆ ಮುಂದೆ ಕೂರಿಸುತ್ತಿರಲಿಲ್ಲ, ಬಾವಿಗೆ ಬಿಡುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೊರಗಿ ದಿನವಿಡೀ ಕಂಕುಳು ಒತ್ತಿ ಒತ್ತಿ ನೋಡುತ್ತಿದ್ದೆ. ಅದನ್ನು ನೋಡಿ ನೋಡಿ ಅತ್ತೆಗೆ ರೇಗಿತು. ಅಟ್ಟದಿಂದ ಅಳಗುಳಿಮಣೆ ಇಳಿಸಿ, ಬೊಗಸೆ ತುಂಬ ಹುಣಸೆಬೀಜ ಸುರಿದರು.

"ಆ ಕೈ ಇಲ್ಲಿ ತಾ. ಅಲ್ಲೇನು ನಿಧಿ ಐತೆ ಅಂತ ಹುಡುಕ್ತೀಯ?"

ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಗುಳಿಯ ಬೀಜ ಎತ್ತಿ ಮುಂದಿನವಕ್ಕೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಮೊದಲೇ ಲೆಕ್ಕ ಹಾಕಿದವರು ಗೆಲ್ಲುತ್ತಾರೆ. ಅತ್ತೆಯದು ಅದರ ಮೇಲೊಂದು ಕಟ್ಟಳೆ: ಗುಳಿಗೆ ಬೆರಳಿಟ್ಟು ಎಣಿಸುವಂತಿಲ್ಲ, ಕಣ್ಣಲ್ಲೇ ಎಣಿಸಬೇಕು. ಕಾಯಿಲೆಯವಳೆಂದು ಒಂದು ಬೀಜವನ್ನೂ ಬಿಟ್ಟುಕೊಟ್ಟವರಲ್ಲ. ಸೋತು ಸೋತು ನನಗೂ ಹಟ ಬಂತು. ಮುದ್ದೆ ನುಂಗುವಾಗಲೂ ತಲೆಯಲ್ಲಿ ಗುಳಿಗಳೇ. ಇಡೀ ಮಧ್ಯಾಹ್ನ ಕಂಕುಳಿನ ನೆನಪೇ ಬಾರದ ದಿನಗಳಿದ್ದವು.

ಕಾರ್ತಿಕದಲ್ಲಿ ಚಿತ್ರದುರ್ಗದ ಡಾಕ್ಟರಿಗೆ ತೋರಿಸಿದೆವು. ಅವರು ನನ್ನನ್ನು ಪರೀಕ್ಷಿಸಿ ಗಾಡಿಗೆ ಕಳಿಸಿ, ಯಜಮಾನರನ್ನು ಒಳಗೇ ನಿಲ್ಲಿಸಿಕೊಂಡು ಮಾತಾಡಿದರು. ಹೊರಗೆ ಬಂದ ಇವರು ಎತ್ತಿನ ಕಡೆ ನೋಡುತ್ತ, "ಎಲ್ಲಾ ಸರಿ ಐತಂತೆ" ಎಂದರು.

ಆ ವಾರವೇ ಅತ್ತೆ ಸೋಲತೊಡಗಿದರು. ಒಂದಲ್ಲ, ಸಾಲಾಗಿ ಆರು ಆಟ. ನನಗೆ ಹೊಳೆದದ್ದು ಒಂದೇ: ಗಂಟು ಮತ್ತೆ ಬಂದಿದೆ, ಇದ್ದಷ್ಟು ದಿನ ಗೆದ್ದುಕೊಳ್ಳಲಿ ಎಂದು ಬಿಟ್ಟುಕೊಡುತ್ತಿದ್ದಾರೆ. ಎರಡು ದಿನ ಊಟ ಸೇರಲಿಲ್ಲ. ಬೆರಳು ಪುನಃ ಕಂಕುಳಿಗೆ ಹೋಯಿತು. ಮೂರನೆಯ ದಿನ ಅವರು ಕೈಗೆ ಬಂದ ರಾಶಿಯನ್ನೇ ಬಿಟ್ಟು ಇನ್ನೆಲ್ಲೋ ಎತ್ತಿದಾಗ ನಾನು ಮಣೆಯನ್ನೇ ಮಗುಚಿದೆ.

"ಸಾಯೋಳಿಗೆ ಭಿಕ್ಷೆ ಹಾಕ್ತೀರೇನ್ರಿ ಅತ್ತೆ? ಡಾಕ್ಟರು ಏನಂದ್ರು, ಹೇಳ್ರಿ!"

"ವರ್ಷ ಕಳೆಯೋತಂಕ ಬಸಿರಾಗೋದು ಬ್ಯಾಡ ಅಂದ್ರಂತೆ. ಅದನ್ನ ನಿನಗೆ ಹೇಳಾಕೆ ಅವನಿಗೆ ನಾಚಿಕೆ. ಅಷ್ಟೇ ಕಣೇ."

ನಾನು ನಂಬಲಿಲ್ಲ. ಅತ್ತೆ ಬೀಜ ಆಯಲು ಬಗ್ಗಿದರು. ನೆಲವನ್ನು ಅಂಗೈಯಿಂದ ಸವರಿ ಸವರಿ ಆಯುತ್ತಿದ್ದರು. ಅವರ ಮೊಣಕಾಲ ಪಕ್ಕದಲ್ಲೇ ಬಿಸಿಲಿಗೆ ಹೊಳೆಯುತ್ತಿದ್ದ ನಾಲ್ಕು ಬೀಜ ಅವರಿಗೆ ಕಾಣಲಿಲ್ಲ.

"ಎಷ್ಟು ದಿನದಿಂದ ಅತ್ತೆ?"

"ದಸರಾದಾಗ ಮಬ್ಬಿತ್ತು. ಈಗ ಬೀಜಾನೂ ಕಾಣಲ್ಲ. ನಿನ್ನ ಗಂಡನಿಗೆ ಹೇಳಬ್ಯಾಡ, ಮನೇಲಿ ಒಬ್ರು ಆಸ್ಪತ್ರೆಗೆ ತಿರುಗಿದ್ದು ಸಾಕು."

"ಬೆರಳಿಟ್ಟು ಎಣಿಸಬಹುದಿತ್ತಲ್ರಿ."

"ನಾನೇ ಹಾಕಿದ ಕಟ್ಟಳೆ ಅಲ್ವೇನೇ?"

ಆಗ ನನಗಾದದ್ದು ಸಂತೋಷ. ಹೋಗುತ್ತಿರುವುದು ಅತ್ತೆಯ ಕಣ್ಣು, ನನ್ನ ಜೀವವಲ್ಲ ಎಂಬ ಸಂತೋಷ. ಅವರಿನ್ನೂ ನೆಲ ತಡವುತ್ತಿರುವಾಗಲೇ ಹಾಗೆ ಹಿಗ್ಗಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ನಾನೇ ಗುಳಿಗೆ ಬೆರಳಿಟ್ಟು, ಅವರಿಗೆ ಕೇಳುವಂತೆ ಗಟ್ಟಿಯಾಗಿ ಎಣಿಸಿದೆ. ಅತ್ತೆ ತಾವೂ ಬೆರಳಿಟ್ಟರು. ಆ ಆಟ ಅವರೇ ಗೆದ್ದರು.