ಟೈಲರಮ್ಮನ ನಲವತ್ತು ದಿನ

ಟೈಲರಮ್ಮ ಮೂವತ್ತೆಂಟು ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಹೊಲಿದವಳು. ಗಂಡ ಬಟ್ಟೆ ಕತ್ತರಿಸುವುದು, ಇವಳು ಹೊಲಿಯುವುದು ಎಂದು ಶುರುವಾದ ಅಂಗಡಿ ಅದು. ಅವನು ಕತ್ತರಿಸಿದ್ದಕ್ಕಿಂತ ಹರಟಿದ್ದೇ ಹೆಚ್ಚು. ಪಾಪ, ಒಳ್ಳೆಯವನು. ಅವನು ತೀರಿಕೊಂಡ ಮೇಲೆ ಅಂಗಡಿಯಲ್ಲಿ ಸದ್ದು ಕಡಿಮೆಯಾಯಿತು, ಅಳತೆ ಸರಿಯಾಯಿತು.

ಅದೇ ವರ್ಷ ಅವಳು ಊರಾಚೆಯ ಬೆನೆಡಿಕ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಸೇರಿದಳು. ಸೇರಿದಳು ಎಂದರೆ ಸನ್ಯಾಸಿನಿಯಾದಳು ಎಂದಲ್ಲ. ಮನೆಯಲ್ಲಿದ್ದುಕೊಂಡೇ ಮಠದ ನಿಯಮವನ್ನು ಕೈಲಾದಷ್ಟು ಪಾಲಿಸುತ್ತೇವೆ ಎಂದು ಮಾತು ಕೊಟ್ಟವರು ಕೆಲವರಿರುತ್ತಾರಲ್ಲ, ಅವರಲ್ಲಿ ಒಬ್ಬಳಾದಳು. ಬೆಳಿಗ್ಗೆ ಸಂಜೆ ಬೈಬಲಿನ ಕೀರ್ತನೆ ಓದಬೇಕು, ತಿಂಗಳಿಗೊಮ್ಮೆ ಮಠಕ್ಕೆ ಹೋಗಬೇಕು, ಉಳಿದಂತೆ ಮೆಷಿನ್ ತುಳಿಯಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂದಾಗ ಮಾತ್ರ ಒಂದು ಕೆಲಸ ಹೆಚ್ಚು. ಈ ಸಲ ಏನು ಬಿಡುತ್ತೇನೆ ಎಂದು ಚೀಟಿ ಬರೆದು ಮಠದ ಫಾದರಿಗೆ ಕೊಡಬೇಕು. ಅವರು ಒಪ್ಪಿ ಸಹಿ ಹಾಕಿದರೆ ಅದು ವ್ರತ. ಕೇಳದೆ ತಾವಾಗಿ ಮಾಡಿದರೆ ಹಮ್ಮು.

ಈ ಕತೆ ನಡೆದ ಹೊತ್ತಿಗೆ ಅಂಗಡಿಯಲ್ಲಿ ಎರಡನೆಯ ಮೆಷಿನ್ ಇತ್ತು, ಅದರ ಮುಂದೆ ಸೊಸೆ. ಹುಡುಗಿಯ ಕೈ ಚುರುಕು, ಚುರುಕಾದ್ದರಿಂದಲೇ ಸ್ವಲ್ಪ ಅಡ್ಡಾದಿಡ್ಡಿ. ಮಧ್ಯಾಹ್ನ ಅವಳು ಮಹಡಿಗೆ ಊಟಕ್ಕೆ ಹೋದಳೋ ಇಲ್ಲವೋ, ಟೈಲರಮ್ಮ ಅವಳ ಹೊಲಿಗೆ ಬಿಚ್ಚಿ, ತಾನೇ ಮತ್ತೆ ಹೊಲಿದಿಡುತ್ತಿದ್ದಳು. ಬೈಯುತ್ತಿರಲಿಲ್ಲ. ಬೈಯದಿರುವುದೇ ತನ್ನ ದೊಡ್ಡತನ ಎಂದುಕೊಂಡಿದ್ದಳು. ಆದರೆ ತನ್ನ ಹೊಲಿಗೆ ಬದಲಾದದ್ದು ಹೊಲಿದವಳಿಗೆ ಗೊತ್ತಾಗದಿರುತ್ತದೆಯೇ? ಸೊಸೆ ಎರಡು ವರ್ಷ ನುಂಗಿಕೊಂಡಳು. ಕೊನೆಗೆ ಗಂಡನಿಗೆ, ಈಸ್ಟರ್ ಕಳೆದ ಮೇಲೆ ಯೂನಿಫಾರ್ಮ್ ಫ್ಯಾಕ್ಟರಿಗೆ ಹೋಗುತ್ತೇನೆ, ಅಲ್ಲಿ ನಾನು ಹೊಲಿದದ್ದು ಹೊಲಿದ ಹಾಗೇ ಇರುತ್ತದೆ ಎಂದಳು. ಮಗ ಬಂದು ತಾಯಿಗೆ ಹೇಳಿದ. ಟೈಲರಮ್ಮ ಹೂಂ ಅಂದಳು. ಅವಳ ಕಣ್ಣು ಮಂಜಾಗುತ್ತಿತ್ತು, ಸೊಸೆ ಹೋದರೆ ಅಂಗಡಿಗೆ ಬಾಗಿಲು ಹಾಕಿದಂತೆಯೇ. ಆದರೂ ಮರುದಿನ ಮಧ್ಯಾಹ್ನ ಕೈ ಸುಮ್ಮನಿರಲಿಲ್ಲ.

ತಪಸ್ಸುಕಾಲ ಶುರುವಾಗುವ ಮುಂಚಿನ ಭಾನುವಾರ ಅವಳು ಕೊಟ್ಟ ಚೀಟಿಯಲ್ಲಿ ಮಧ್ಯಾಹ್ನದ ಊಟ ಬಿಡುತ್ತೇನೆ ಎಂದಿತ್ತು.

“ಊಟದ ಹೊತ್ತಲ್ಲಿ ಏನು ಮಾಡ್ತೀರಮ್ಮ?” ಎಂದು ಫಾದರ್ ಕೇಳಿದರು.

“ಅಂಗಡೀಲೇ ಇರ್ತೀನಿ ಫಾದರ್.”

“ಅಲ್ಲಿ ಏನು ಮಾಡ್ತೀರಿ?”

ಸುಳ್ಳು ಹೇಳಿ ಅಭ್ಯಾಸವಿಲ್ಲ. ಬಿಚ್ಚುವ ಕತೆಯೆಲ್ಲ ಹೊರಬಂತು, ಫ್ಯಾಕ್ಟರಿಯದೂ ಬಂತು.

“ಹಾಗಾದ್ರೆ ಊಟ ಬಿಟ್ರೆ ಬಿಚ್ಚೋಕೆ ಇನ್ನೂ ಅರ್ಧ ಗಂಟೆ ಜಾಸ್ತಿ ಸಿಗುತ್ತೆ.”

ಫಾದರ್ ನಗಲಿಲ್ಲ. ಅವಳು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ತಾವೇ ಬರೆದರು: ಸೊಸೆಯ ಜೊತೆ ಕೂತು ಊಟ ಮಾಡುವುದು, ಅವಳ ಹೊಲಿಗೆಗೆ ಕೈ ಹಾಕದಿರುವುದು. ಹಸಿವಾದರೆ ನೀರು ಕುಡಿಯಬಹುದು, ಇದಕ್ಕೆ ಏನು ಕುಡಿಯುವುದು ಎಂದು ಟೈಲರಮ್ಮ ದಾರಿಯುದ್ದಕ್ಕೂ ಯೋಚಿಸಿದಳು.

ಚೀಟಿಯ ವಿಷಯ ಮನೆಯಲ್ಲಿ ಹೇಳಲಿಲ್ಲ. ಅತ್ತೆ ಮಹಡಿ ಹತ್ತಿ ಎದುರಿಗೆ ಕೂತು ಉಣ್ಣತೊಡಗಿದಾಗ, ಏನೋ ಕಾಯಿಲೆ ಇರಬೇಕು, ಡಾಕ್ಟರಿಗೆ ತೋರಿಸಿ ಎಂದು ಸೊಸೆ ಗಂಡನಿಗೆ ಹೇಳಿದಳು.

ಮೂರನೆಯ ವಾರ ಶಾಲೆಯ ಮೇಡಂ ತಮ್ಮ ಹೊಸ ಕೋಟು ವಾಪಸ್ ತಂದರು. ಕಾಲರ್ ಒಂದು ಕಡೆ ಎದ್ದು ನಿಂತಿತ್ತು. ಟೈಲರಮ್ಮನ ಕೈ ತಾನಾಗಿ ಮುಂದೆ ಹೋಯಿತು, ಹಾಗೇ ಹಿಂದೆ ಬಂತು. ಹೊಲಿದವಳು ಅಲ್ಲಿದ್ದಾಳೆ, ಅವಳಿಗೇ ಕೊಡಿ ಎಂದಳು. ಮೇಡಂ ಹೋಗುವ ತನಕ ಸೊಸೆ ತಡೆದುಕೊಂಡಳು.

“ಇಷ್ಟು ದಿನ ಕದ್ದು ಬಿಚ್ತಿದ್ರಿ. ಈಗ ಊರೆಲ್ಲ ನೋಡ್ಲಿ ಅಂತ ಬಿಟ್ರಾ ಅತ್ತೆ?”

ಟೈಲರಮ್ಮ ಕೀರ್ತನೆ ಪುಸ್ತಕದಿಂದ ಚೀಟಿ ತೆಗೆದು ಕೊಟ್ಟಳು. ಸೊಸೆ ಎರಡು ಸಲ ಓದಿದಳು.

“ನನ್ನ ಹೊಲಿಗೆ ನಿಮಗೆ ಉಪವಾಸಾನಾ?”

“ಊಟ ಬಿಡೋದು ಸುಲಭ ಇತ್ತು ಕಣಮ್ಮ.”

“ಕೈ ಹಾಕಬೇಡಿ ಅಂತಿದೆ. ಬಾಯಿ ಬೇಡ ಅಂತ ಎಲ್ಲಿದೆ?”

ಅದು ನಿಜವಾಗಿತ್ತು. ಆದರೆ ಕೈಗೆ ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ. ಟೈಲರಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ತಡವರಿಸಿ ತಡವರಿಸಿ ಹೇಳಿದಳು. ಕಾಲರಿನ ನಡುವೆ ಗುರುತು ಮಾಡಿಕೋ, ನಡುವಿನಿಂದ ಎರಡೂ ಕಡೆಗೆ ಹೊಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಬೇಡ. ಸೊಸೆ ಮೂರು ಸಲ ಬಿಚ್ಚಿದಳು, ತಾನೇ. ನಾಲ್ಕನೆಯ ಸಲ ಕಾಲರ್ ಮಲಗಿತು.

“ಇದನ್ನ ಎರಡು ವರ್ಷದ ಹಿಂದೆ ಹೇಳೋಕೆ ಏನಾಗಿತ್ತು?”

ಹೇಳಬಹುದು ಎಂಬುದೇ ಟೈಲರಮ್ಮನಿಗೆ ಹೊಳೆದಿರಲಿಲ್ಲ.

ಈಸ್ಟರ್ ಮುಗಿದ ಮರುದಿನ, ಫ್ಯಾಕ್ಟರಿಗೆ ಯಾವಾಗ ಹೋಗುತ್ತೀ ಎಂದು ಮಗ ಹೆಂಡತಿಯನ್ನು ಕೇಳಿದ. ಟೈಲರಮ್ಮ ಕಿಟಕಿಯ ಪಕ್ಕ ಮೆಷಿನ್ ನಿಲ್ಲಿಸಿದಳು.

“ಅಲ್ಲಿ ವರ್ಷಗಟ್ಟಲೆ ಬರೀ ಕಾಲರೇ ಕೊಡ್ತಾರಂತೆ. ನಾನಿನ್ನೂ ಕೋಟಿನ ತೋಳು ಕಲೀಬೇಕು,” ಎಂದಳು ಸೊಸೆ. ಆಮೇಲೆ ಅತ್ತೆಯ ಕಡೆ ತಿರುಗಿ, ಒಂದೇ ಒಂದು ಹೊಲಿಗೆ ಬಿಚ್ಚಿದ್ದು ಕಂಡರೂ ಅವತ್ತೇ ಹೊರಟೆ ಎಂದು ಸೇರಿಸಿದಳು.

ಟೈಲರಮ್ಮ ಮತ್ತೆ ಬಿಚ್ಚಲೇ ಇಲ್ಲವೇ ಎಂದರೆ, ಆ ವರ್ಷ ಎರಡು ಸಲ ಬಿಚ್ಚಿದಳು. ಎರಡು ಸಲವೂ ಸೊಸೆಯನ್ನು ಕೇಳಿ ಬಿಚ್ಚಿದಳು.