ಅಕ್ಕನ ಸೀಡಿಯಲ್ಲಿ ಉಳಿದ ಜಾಗ

ನಮ್ಮ ಓಣಿಯಲ್ಲಿ ಹಳೆಯ ಸೀಡಿಗಳಿಗೆ ಈಗ ಒಂದೇ ಕೆಲಸ: ದಾರಕ್ಕೆ ನೇತುಬಿದ್ದು ಅಲಸಂದೆ ಚಪ್ಪರದ ಮೇಲೆ ಫಳಫಳ ತಿರುಗುತ್ತ ಹಕ್ಕಿ ಹೆದರಿಸುವುದು. ಕೇಳಿದವರಿಗೆಲ್ಲ ಧಾರಾಳವಾಗಿ ಕೊಟ್ಟಿದ್ದೇನೆ, ಒಂದನ್ನು ಬಿಟ್ಟು. ಅದು ಅಡುಗೆಮನೆಯಲ್ಲಿ ಹಪ್ಪಳದ ಡಬ್ಬಿಯ ಹಿಂದೆ, ಬಿಸಿಲು ತಾಗದ ಕಡೆ ಇದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಒಳಸುತ್ತು ತುಸು ಕಪ್ಪಾಗಿ, ಹೊರಸುತ್ತು ತಿಳಿಯಾಗಿ ಕಾಣುತ್ತದೆ. ಸೀಡಿಯನ್ನು ನಡುವಿನಿಂದ ಹೊರಕ್ಕೆ, ಚಕ್ಕುಲಿ ಸುತ್ತಿದ ಹಾಗೆ ಬರೆಯುತ್ತಾರೆ. ಕಪ್ಪು ಬರೆದದ್ದು, ತಿಳಿ ಬರೆಯದೆ ಉಳಿದದ್ದು.

ನಾನು ಶಿರಸಿಯ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಮಸೂರ ಒರೆಸುತ್ತ ನೌಕರಿ ಸವೆಸಿದವಳು. ನನ್ನ ಅಕ್ಕ ಹಾಡಿನವಳು. ವಾನಳ್ಳಿಯಿಂದ ಹೇರೂರಿನವರೆಗೆ ಯಾರ ಮನೆಯ ಮದುವೆಯಾದರೂ ಹೆಂಗಸರ ಹಾಡಿಗೆ ಅವಳಿಗೇ ಕರೆ. ದಿಬ್ಬಣವನ್ನು ಇದಿರುಗೊಳ್ಳುವುದಕ್ಕೊಂದು, ಬೀಗರನ್ನು ಛೇಡಿಸುವುದಕ್ಕೆ ನಾಲ್ಕಾರು. ಊರವರ ಮದುವೆಗಳಿಗೆಲ್ಲ ಹಾಡಿದರೂ ನಮ್ಮಿಬ್ಬರಲ್ಲಿ ಯಾರ ಮದುವೆಯೂ ಆಗಲಿಲ್ಲ. ಯಾಕೆಂದು ಕೇಳಿದವರಿಗೆ ಅಕ್ಕ, “ಪುರ್ಸೊತ್ತೇ ಸಿಕ್ಕಿದ್ದಿಲ್ಲೆ” ಎನ್ನುತ್ತಿದ್ದಳು.

ಅವಳ ಹಾಡುಗಳು ಅಳಿಯಬಾರದೆಂದು ನಾನೇ ಹಟ ಹಿಡಿದು ಬಸವರಾಜನ ಅಂಗಡಿಗೆ ಕರೆದೊಯ್ದೆ. ಬನವಾಸಿ ಕಡೆಯ ಈ ಬಸವರಾಜ ಪೇಟೆಯಲ್ಲಿ ಕಂಪ್ಯೂಟರ್ ಇಟ್ಟು ಸೀಡಿ ಮಾಡಿಕೊಡುತ್ತಿದ್ದ. ಅಕ್ಕ ಒಂದರ ಹಿಂದೊಂದು ಹಾಡಿದಳು. ಮಗಳನ್ನು ಬೀಗರ ಕೈಗೆ ಒಪ್ಪಿಸುವಾಗ ಹೇಳುವ ಹಾಡೊಂದನ್ನು ಮಾತ್ರ ಎಷ್ಟು ಕಾಡಿದರೂ ಹಾಡಲೊಪ್ಪಲಿಲ್ಲ.

“ಅದು ಕೂಸಿನ ಕೊಡಕಾದ್ರೆ ಹೇಳ ಹಾಡು, ಅಂಗಡಿಲಿ ಹೇಳದಲ್ಲ. ನಿನ್ನ ಮದ್ವೆಲಿ ಹೇಳ್ತೆ. ಅಲ್ಲಿವರಿಗೆ ಜಾಗ ಇರ್ಲಿ” ಎಂದಳು. ನಮ್ಮ ಮಾತಿನಲ್ಲಿ ಕೂಸೆಂದರೆ ಹುಡುಗಿ. ಆಗಲೇ ಈ ಹುಡುಗಿಯ ಅರ್ಧ ತಲೆ ಬೆಳ್ಳಗಾಗಿತ್ತು. ಬಸವರಾಜ ನಗುತ್ತ, ಮುಂದೆ ಹಾಡು ಸೇರಿಸಲು ಬರುವಂತೆ ಸೀಡಿಯನ್ನು ಮುಚ್ಚದೆ ತೆರೆದೇ ಇಟ್ಟ.

ಜಾಗ ಹೆಚ್ಚಿಸುವ ವಿದ್ಯೆಯಲ್ಲಿ ಮನುಷ್ಯನಿಗೆ ಎಂಥ ಆಸೆ ನೋಡಿ. ಅಂಗೈಯಗಲದ ಅದೇ ತಟ್ಟೆಯಲ್ಲಿ ಸುರುಳಿಯ ಸುತ್ತುಗಳನ್ನು ಒತ್ತೊತ್ತಾಗಿ ಹಾಕಿದರು, ದನಿಯನ್ನು ಬರೆದಿಡುವ ಗುಳಿಗಳನ್ನು ಕಿರಿದುಗೊಳಿಸಿದರು. ಕಿರಿದನ್ನು ಓದಲು ಬೆಳಕಿನ ಅಲೆಯೂ ಕಿರಿದಾಗಬೇಕಲ್ಲ, ಕಣ್ಣಿಗೆ ಕಾಣದ ಅವಕೆಂಪಿನಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ ಬಂದರು. ಅದೂ ಸಾಲದೆ ಒಂದು ಪದರದಡಿ ಇನ್ನೊಂದನ್ನಿಟ್ಟು, ಮೇಲಿನದರ ಮೂಲಕವೇ ಕೆಳಗಿನದನ್ನು ಓದಿದರು. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದಾಗ ಅಕ್ಕ ಚಕ್ಕುಲಿ ಒತ್ತುತ್ತಿದ್ದಳು. “ಸಣ್ಣ ತೂತಿನ ಬಿಲ್ಲೆ ಹಾಕಿದ್ರೆ ಜಾಸ್ತಿ ಸುತ್ತು ಬತ್ತು, ಅಷ್ಟೇ ಅಲ್ದಾ? ಅಷ್ಟೆಲ್ಲ ಜಾಗಕ್ಕೆ ಹಾಡು ಎಲ್ಲಿಂದ ತರದು ಮಾರಾಯ್ತಿ?” ಎಂದಳು.

ಅಕ್ಕ ಒಂದು ಚಳಿಗಾಲದಲ್ಲಿ, ಯಾರೂ ಲೆಕ್ಕಕ್ಕಿಡದ ಜ್ವರವೊಂದಕ್ಕೆ ಹೋಗಿಬಿಟ್ಟಳು. ಆಮೇಲೆ ಜಾಗವೆಂದರೆ ಏನೆಂದು ನನಗೆ ಗೊತ್ತಾಯಿತು. ಎರಡೇ ಕೋಣೆಯ ಬಾಡಿಗೆ ಮನೆ ಸಂಜೆ ಬೀಗ ತೆಗೆದಾಗ ಬಯಲಿನಂತಿರುತ್ತಿತ್ತು. ಭಾನುವಾರವಿಡೀ ಬಾಯಿ ಬಿಡದೆ ಕಳೆದು, ಸೋಮವಾರ ಲ್ಯಾಬಿನಲ್ಲಿ ಮೊದಲ ಮಾತಾಡುವಾಗ ಗಂಟಲು ಕರಕರ ಎಂದದ್ದುಂಟು. ನನಗೆ ಅವಳ ದನಿ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಸೀಡಿಯನ್ನು ಮನೆಯ ಪ್ಲೇಯರಿಗೆ ಹಾಕಿದರೆ ಅದು ಗರಗರ ತಿರುಗಿ, ಏನೂ ಇಲ್ಲವೆಂದು ಹೊರಗೆ ತಳ್ಳಿತು.

ಬಸವರಾಜನಲ್ಲಿಗೆ ಓಡಿದೆ. “ತೆರೆದಿಟ್ಟೇವಲ್ರಿ ಮೇಡಂ, ಅದಕ್ಕ ನನ್ನ ಕಂಪ್ಯೂಟರ್‌ನ್ಯಾಗ ಅಷ್ಟ ಹಾಡತೈತಿ. ಬಂದ್ ಮಾಡಿದ್ರ ಮನ್ಯಾಗೂ ಹಾಡತೈತ್ರಿ. ಆದ್ರ ಮುಂದ ಏನೂ ಸೇರ್ಸಾಕ ಬರಂಗಿಲ್ಲ. ಬಂದ್ ಮಾಡ್ಲೇನ್ರಿ?” ಎಂದ.

ಸ್ಟೂಲೊಂದನ್ನು ಎಳೆದು ಕುಳಿತೆ. ಆ ಜಾಗ ಅಕ್ಕ ನನಗೆಂದು ಹಿಡಿದಿಟ್ಟದ್ದು. ಇನ್ನು ನನಗೆ ಮದುವೆಯಿಲ್ಲ, ಹಾಡಲು ಅವಳಿಲ್ಲ. ಆದರೂ ಅದು ತೆರೆದಿರುವಷ್ಟು ದಿನ ಅವಳ ಮಾತು ಬಾಕಿಯಿದೆ ಎನಿಸುತ್ತಿತ್ತು. ಮುಚ್ಚದಿದ್ದರೆ ಮನೆಯಲ್ಲಿ ಅವಳ ದನಿಯಿಲ್ಲ, ಮುಚ್ಚಿದರೆ ಆ ಮಾತಿಲ್ಲ. ಅಲ್ಲಿ ಸ್ಟೂಲಿನ ಮೇಲೆ ಕುಳಿತೇ ಇದ್ದಾಗ ನನಗೊಂದು ಹೊಳೆಯಿತು: ನಮ್ಮ ಮನೆಯಿಂದ ಯಾರೂ ಕೊಟ್ಟು ಕಳಿಸದ ಕೂಸು ನಾನೊಬ್ಬಳೇ ಅಲ್ಲ, ಅಕ್ಕನೂ ಹೌದು.

“ಮೈಕ್ ಕೊಡು” ಎಂದೆ.

ಹಾಡಿನ ಗಂಧ ನನಗಿಲ್ಲ. ಆದರೆ ಅವಳ ಬೆನ್ನಿಗೆ ಕುಳಿತು ಎಷ್ಟು ಮದುವೆಗಳಲ್ಲಿ ಕೇಳಿದ್ದೆನೋ, ಒಪ್ಪಿಸುವ ಹಾಡಿನ ಒಂದು ನುಡಿಯೂ ತಪ್ಪಲಿಲ್ಲ. ದನಿ ಮಾತ್ರ ಎರಡು ಕಡೆ ಒಡೆಯಿತು. ಬಸವರಾಜ ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಹೇಳ್ತೀರೇನ್ರಿ?” ಎಂದ.

“ಬೇಡ. ಅದನ್ನು ಒಮ್ಮೆಯೇ ಹೇಳೋದು. ಬಂದ್ ಮಾಡು” ಎಂದೆ.

ಈಗ ಇನ್ನೊಮ್ಮೆ ಆ ಸೀಡಿಯನ್ನು ಬೆಳಕಿಗೆ ಹಿಡಿಯಿರಿ. ಕಪ್ಪು ಮುಗಿಯುವುದಕ್ಕೆ ತುಸು ಮೊದಲು ಕೂದಲೆಳೆಯಂಥದೊಂದು ಗೆರೆಯಿದೆ. ಗೆರೆಯ ಒಳಗೆಲ್ಲ ಅಕ್ಕ, ಹೊರಗೆ ಬಳೆಯಷ್ಟು ಕಿರಿದಾಗಿ ನಾನು, ಆಚೆಗೆ ಇನ್ನೆಂದೂ ಯಾರೂ ಬರೆಯಲಾಗದ ತಿಳಿ. ಈಗ ಸಂಜೆ ಬೀಗ ತೆಗೆದೊಡನೆ ಅದನ್ನು ಹಾಕುತ್ತೇನೆ, ಅವಳ ಕಡೆಯ ಹಾಡು ಮುಗಿದೊಡನೆ ನಿಲ್ಲಿಸಿಬಿಡುತ್ತೇನೆ. ನನ್ನದನ್ನು ಇಂದಿಗೂ ಕೇಳಿಲ್ಲ. ಅವಳನ್ನು ಒಮ್ಮೆ ಕಳಿಸಿಕೊಟ್ಟದ್ದೇ ಸಾಕಾಗಿದೆ.